ಮಂಡಿ ನೋವಿಗೆ ಮದ್ದು ತೊಡೆಯಲ್ಲಿದೆ

ಈ ತಿಂಗಳು ಬಂದ ಪತ್ರಗಳಲ್ಲಿ ಮಂಡಿ ನೋವಿನವೇ ಜಾಸ್ತಿ. ಸೊಂಟ, ಕುತ್ತಿಗೆ, ಹಿಮ್ಮಡಿಯವರು ಮುಂದಿನ ಸಂಚಿಕೆವರೆಗೆ ಸ್ವಲ್ಪ ತಾಳಿಕೊಳ್ಳಬೇಕು. ಉದ್ದದ ಪತ್ರಗಳನ್ನು ಚಿಕ್ಕದು ಮಾಡಿದ್ದೇನೆ, ಹೆಸರುಗಳನ್ನು ಬಿಟ್ಟಿದ್ದೇನೆ. ಒಬ್ಬರ ಪತ್ರದಲ್ಲಿದ್ದ ಪ್ರಶ್ನೆ ಇನ್ನೊಬ್ಬರದ್ದೂ ಆಗಿರುತ್ತದೆ. ಹಾಗಾಗಿ ನಿಮ್ಮ ಊರಿನ ಹೆಸರು ಕಾಣದಿದ್ದರೂ ಓದಿ ನೋಡಿ.

ಪ್ರಶ್ನೆ: ನನಗೆ 61 ವರ್ಷ. ಪ್ರೈಮರಿ ಶಾಲೆಯಲ್ಲಿ ಟೀಚರ್ ಆಗಿದ್ದು ನಿವೃತ್ತಿಯಾಗಿದ್ದೇನೆ. ಎರಡೂ ಮಂಡಿ ನೋಯುತ್ತವೆ, ಬಲಗಡೆ ಜಾಸ್ತಿ. ಎಕ್ಸ್‌ರೇ ನೋಡಿ ‘ಸವೆದಿದೆ, ಗ್ಯಾಪ್ ಕಡಿಮೆಯಾಗಿದೆ’ ಅಂದರು. ಡಾಕ್ಟರು ವ್ಯಾಯಾಮ ಮಾಡಿ ಎಂದರು, ಯಾವುದು ಅಂತ ಹೇಳಲಿಲ್ಲ. ಅಕ್ಕಪಕ್ಕದವರು ‘ಸವೆದದ್ದನ್ನು ಇನ್ನೂ ಸವೆಸಬೇಡಿ, ಸುಮ್ನೆ ಕೂತಿರಿ’ ಅಂತಾರೆ. ಯಾರ ಮಾತು ಕೇಳಲಿ?
– ನಿವೃತ್ತ ಶಿಕ್ಷಕಿ, ತಿಪಟೂರು

ಡಾಕ್ಟರ ಮಾತು ಕೇಳಿ. ಅಕ್ಕಪಕ್ಕದವರು ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ. ಆದರೆ ಮಂಡಿಯ ವಿಷಯದಲ್ಲಿ ‘ಸುಮ್ನೆ ಕೂತಿರಿ’ ಎನ್ನುವ ಸಲಹೆ ಮಾಡುವಷ್ಟು ನಷ್ಟವನ್ನು ನಡಿಗೆ ಮಾಡುವುದಿಲ್ಲ.

ಮೂಳೆಗಳ ತುದಿಗೆ ನುಣುಪಾದ ಒಂದು ಪದರ ಹಾಸಿದೆ. ಅದೇ ಕಾರ್ಟಿಲೇಜ್. ಅದಕ್ಕೆ ರಕ್ತನಾಳಗಳಿಲ್ಲ. ಕೀಲಿನೊಳಗಿನ ಅಂಟು ದ್ರವವೇ ಅದರ ಆಹಾರ. ನೀವು ಹೆಜ್ಜೆ ಊರಿದಾಗ ಆ ಪದರ ಒತ್ತಿಕೊಳ್ಳುತ್ತದೆ, ಕಾಲೆತ್ತಿದಾಗ ಸಡಿಲವಾಗುತ್ತದೆ. ಒದ್ದೆ ಸ್ಪಂಜನ್ನು ಹಿಂಡಿ ಬಿಟ್ಟ ಹಾಗೆ, ಹಳೆಯ ದ್ರವ ಹೊರಗೆ ಹೋಗಿ ಹೊಸದು ಒಳಗೆ ಬರುತ್ತದೆ. ಕೂತೇ ಇದ್ದರೆ ಇದು ನಡೆಯುವುದಿಲ್ಲ.

ಅದಕ್ಕಿಂತ ದೊಡ್ಡ ನಷ್ಟ ಆಗುವುದು ತೊಡೆಯಲ್ಲಿ. ತೊಡೆಯ ಮುಂಭಾಗದಲ್ಲಿ ನಾಲ್ಕು ಸ್ನಾಯುಗಳ ಒಂದು ಗುಂಪಿದೆ, ಕ್ವಾಡ್ರಿಸೆಪ್ಸ್ ಅಂತ ಹೆಸರು. ಮಂಡಿಯನ್ನು ನೆಟ್ಟಗೆ ಮಾಡುವುದು ಅದರ ಕೆಲಸ. ಮೆಟ್ಟಿಲಿಳಿಯುವಾಗ ಮೈಭಾರವನ್ನು ತಡೆದು ಮೆಲ್ಲಗೆ ಇಳಿಸುವುದೂ ಅದೇ. ಮಂಡಿ ನೋವು ಶುರುವಾದರೆ ಬೇಗ ಸೊರಗುವುದು ಈ ಗುಂಪು. ನೋವಿದೆ ಅಂತ ಕೂರುತ್ತೀರಿ, ಕೂತದ್ದಕ್ಕೆ ತೊಡೆ ಇನ್ನೂ ಸೊರಗುತ್ತದೆ, ಅದು ಹೊರಬೇಕಾದ ಭಾರ ನೇರವಾಗಿ ಕೀಲಿಗೆ ಬೀಳುತ್ತದೆ, ನೋವು ಹೆಚ್ಚುತ್ತದೆ, ಮತ್ತೆ ಕೂರುತ್ತೀರಿ.

ಆ ಭಾರ ಸಣ್ಣದಲ್ಲ. ಬರ್ಲಿನ್‌ನಲ್ಲಿ ಸೆನ್ಸರ್ ಇಟ್ಟ ಕೃತಕ ಮಂಡಿಯಿಂದ ಅಳತೆ ಮಾಡಿ ನೋಡಿದ್ದಾರೆ. ಸಮನೆಲದಲ್ಲಿ ನಡೆಯುವಾಗ ಮಂಡಿ ಮೇಲೆ ಮೈತೂಕದ ಸುಮಾರು ಎರಡೂವರೆ ಪಟ್ಟು ಒತ್ತಡ ಬೀಳುತ್ತದೆ, ಮೆಟ್ಟಿಲಿಳಿಯುವಾಗ ಸುಮಾರು ಮೂರೂವರೆ ಪಟ್ಟು. ಸಮನೆಲದಲ್ಲಿ ನಡೆಯುವುದಕ್ಕಿಂತ ಮೆಟ್ಟಿಲಿಳಿಯುವುದು ಯಾಕೆ ಹೆಚ್ಚು ನೋಯುತ್ತದೆ ಅಂತ ಈಗ ಗೊತ್ತಾಯಿತಲ್ವಾ? ಹಾಸನದಲ್ಲಿ ನನ್ನ ಕ್ಲಿನಿಕ್ ಇರುವುದು ಮೊದಲ ಮಹಡಿಯಲ್ಲಿ. ‘ಮಂಡಿ ನೋವಿನವರನ್ನು ಮೆಟ್ಟಿಲು ಹತ್ತಿಸ್ತೀರಲ್ಲಮ್ಮ’ ಅಂತ ಬಯ್ಯದೆ ಒಳಗೆ ಬಂದವರೇ ಕಡಿಮೆ. ನಾನು ಬಾಗಿಲಲ್ಲಿ ನಿಂತು ಅವರು ವಾಪಸ್ ಇಳಿಯುವುದನ್ನು ನೋಡುತ್ತೇನೆ. ಅಡ್ಡಡ್ಡ ತಿರುಗಿ ಇಳಿಯುವವರ ತೊಡೆ ಸೋತಿದೆ ಅಂತ ಅಲ್ಲೇ ಅರ್ಧ ಗೊತ್ತಾಗುತ್ತದೆ.

ಇನ್ನು ಎಕ್ಸ್‌ರೇ. ಚಿತ್ರದಲ್ಲಿ ಗ್ಯಾಪ್ ಇಲ್ಲವೇ ಇಲ್ಲ ಅನ್ನುವಂತಿದ್ದರೂ ಆರಾಮಾಗಿ ಓಡಾಡುವವರಿದ್ದಾರೆ. ಚಿತ್ರ ಚೆನ್ನಾಗಿದ್ದರೂ ಬಚ್ಚಲಿಗೆ ಹೋಗಲು ಗೋಡೆ ಹಿಡಿಯುವವರೂ ಇದ್ದಾರೆ. ಚಿತ್ರಕ್ಕೂ ನೋವಿಗೂ ನೇರ ಲೆಕ್ಕವಿಲ್ಲ. ಬೀರುವಿನಲ್ಲಿಟ್ಟು ಬೀಗ ಹಾಕಿ.

ಈಗ ಮಾಡಬೇಕಾದದ್ದು. ಮೊದಲನೆಯದು ಮಂಚದ ಮೇಲೆ. ಗೋಡೆಗೆ ಒರಗಿ ಕಾಲು ಚಾಚಿ ಕೂರಿ. ಟವೆಲನ್ನು ಸುರುಳಿ ಸುತ್ತಿ ಮಂಡಿ ಕೆಳಗೆ ಇಡಿ. ಕಾಲ್ಬೆರಳುಗಳನ್ನು ನಿಮ್ಮ ಕಡೆ ಎಳೆದುಕೊಂಡು, ಮಂಡಿಯಿಂದ ಆ ಟವೆಲನ್ನು ಹಾಸಿಗೆಗೆ ಒತ್ತಿ. ಐದು ಎಣಿಸಿ, ಬಿಡಿ. ತೊಡೆ ಮೇಲೆ ಅಂಗೈ ಇಟ್ಟುಕೊಂಡರೆ ಸ್ನಾಯು ಗಟ್ಟಿಯಾಗುವುದು ಕೈಗೆ ಸಿಗುತ್ತದೆ. ಸಿಗದಿದ್ದರೆ ನೀವು ಒತ್ತುತ್ತಿಲ್ಲ, ಒತ್ತಿದ ಹಾಗೆ ಅಂದುಕೊಳ್ಳುತ್ತಿದ್ದೀರಿ. ಬಾಯಿಬಿಟ್ಟು ಎಣಿಸಿ, ಆಗ ಉಸಿರು ಕಟ್ಟುವುದಿಲ್ಲ. ಮಗ್ಗಿ ಹೇಳಿಸಿದ ನಿಮಗೆ ಅದೇನು ಕಷ್ಟ! ಒಂದೊಂದು ಕಾಲಿಗೆ 10 ಸಲ, ಬೆಳಿಗ್ಗೆ ಸಂಜೆ. ಧಾರಾವಾಹಿಯ ನಡುವೆ ಜಾಹೀರಾತು ಬಂದಾಗ ಮಾಡಿದರೂ ಆಯಿತು.

ಎರಡನೆಯದಕ್ಕೆ ಅಂಗಾತ ಮಲಗಿ. ಒಂದು ಕಾಲನ್ನು ಮಡಚಿ ಪಾದ ಊರಿ. ಇನ್ನೊಂದನ್ನು ನೆಟ್ಟಗೆ ಇಟ್ಟು, ತೊಡೆ ಬಿಗಿ ಮಾಡಿ, ಒಂದಡಿಯಷ್ಟು ಮೇಲೆತ್ತಿ. ಐದು ಎಣಿಸಿ ಮೆಲ್ಲಗೆ ಇಳಿಸಿ. ಮಡಚಿದ ಕಾಲನ್ನು ಚಾಚಬೇಡಿ, ಅದು ಸೊಂಟವನ್ನು ಕಾಯುತ್ತದೆ. ಮಂಡಿ ಬಾಗಿದರೆ ಅಲ್ಲಿಗೆ ನಿಲ್ಲಿಸಿ. ಹತ್ತು ಸಲ ಬಾಗಿಸಿ ಎತ್ತುವುದಕ್ಕಿಂತ ಆರು ಸಲ ನೆಟ್ಟಗೆ ಎತ್ತುವುದು ಮೇಲು.

ಮೂರನೆಯದು ಕುರ್ಚಿಯಲ್ಲಿ ಕೂತು ಕಾಲನ್ನು ಮುಂದಕ್ಕೆ ಚಾಚಿ ಹಿಡಿಯುವುದು. ಎರಡು ಮೂರು ವಾರದಲ್ಲಿ ಇದು ಸುಲಭವಾದಾಗ ಹಳೆಯ ಸಾಕ್ಸಿನೊಳಗೆ ಅರ್ಧ ಕೆಜಿ ಅಕ್ಕಿ ತುಂಬಿ ಕಣಕಾಲಿಗೆ ಕಟ್ಟಿಕೊಳ್ಳಿ. ಆಮೇಲೆ ಒಂದು ಕೆಜಿ. ಅಂಗಡಿಯ ವೇಟ್ ಬೆಲ್ಟು ಬೇಕಿಲ್ಲ.

ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯ. ಬೇರೆ ಎಲ್ಲ ಮರೆತರೂ ಇದನ್ನು ಮರೆಯಬೇಡಿ. ಕೈ ಇಲ್ಲದ, ಗಟ್ಟಿ ಕುರ್ಚಿಯನ್ನು ಗೋಡೆಗೆ ತಾಗಿಸಿ ಇಡಿ. ಕೈಗಳನ್ನು ಎದೆಯ ಮೇಲೆ ಕಟ್ಟಿಕೊಳ್ಳಿ. ಪಾದ ಸ್ವಲ್ಪ ಹಿಂದೆ ಎಳೆದುಕೊಂಡು, ಮೂಗು ಕಾಲ್ಬೆರಳಿನ ನೇರಕ್ಕೆ ಬರುವಷ್ಟು ಮುಂದೆ ಬಾಗಿ ಎದ್ದು ನಿಲ್ಲಿ. ಮತ್ತೆ ಮೂರು ಎಣಿಸುತ್ತಾ ಕೂರಿ. ಧೊಪ್ ಅಂತ ಬೀಳಬೇಡಿ. ಕೂರುವ ಆ ಮೂರು ಎಣಿಕೆಯಲ್ಲೇ ತೊಡೆ ಗಟ್ಟಿಯಾಗುವುದು. ಕುರ್ಚಿ ತಗ್ಗು ಅನಿಸಿದರೆ ಒಂದು ದಿಂಬು ಹಾಕಿ ಎತ್ತರ ಮಾಡಿ. 10 ಸಲ, ಸ್ವಲ್ಪ ಬಿಟ್ಟು ಮತ್ತೆ 10. ದಿಂಬು ಬೇಡವಾದ ಮೇಲೆ ಅರ್ಧ ನಿಮಿಷದಲ್ಲಿ ಎಷ್ಟು ಸಲ ಕೈ ಊರದೆ ಏಳುತ್ತೀರಿ ಅಂತ ಮೊಮ್ಮಕ್ಕಳ ಕೈಯಲ್ಲಿ ಎಣಿಸಿ. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆಯ ಲೆಕ್ಕದಲ್ಲಿ 60ರಿಂದ 64ರ ವಯಸ್ಸಿನ ಹೆಂಗಸರು 12ಕ್ಕಿಂತ ಕಡಿಮೆ ಎದ್ದರೆ ಕಾಲಿನ ಬಲ ಸರಾಸರಿಗಿಂತ ಕಡಿಮೆ ಎಂದು ಅರ್ಥ. ಮೊದಲ ದಿನ ಏಳು ಎಂಟು ಬಂದರೆ ಬೇಜಾರು ಬೇಡ. ಕ್ಯಾಲೆಂಡರಿನಲ್ಲಿ ಬರೆದಿಟ್ಟು ತಿಂಗಳ ಮೇಲೆ ಮತ್ತೆ ಎಣಿಸಿ.

ಕುಕ್ಕರ್ ಕೂಗುವವರೆಗೆ ಅಡುಗೆ ಕಟ್ಟೆ ಹಿಡಿದು ನಿಂತು ಹಿಮ್ಮಡಿ ಎತ್ತಿ ಇಳಿಸಿ. ಅಲ್ಲೇ ಒಂದು ಕಾಲನ್ನು ಪಕ್ಕಕ್ಕೆ ಎತ್ತಿ ಇಳಿಸುವುದನ್ನೂ ಸೇರಿಸಿಕೊಳ್ಳಿ. ಸೊಂಟದ ಪಕ್ಕದ ಸ್ನಾಯು ಬಲವಾದರೆ ಮಂಡಿ ಒಳಕ್ಕೆ ವಾಲುವುದು ಕಡಿಮೆಯಾಗುತ್ತದೆ. ಬೆಳಿಗ್ಗೆ ಎದ್ದ ಕೂಡಲೇ ಮಂಡಿ ಬಿಗಿಯಾಗಿರುತ್ತದಾ? ಮಂಚ ಇಳಿಯುವ ಮೊದಲು ಹಿಮ್ಮಡಿಯನ್ನು ಹಾಸಿಗೆ ಮೇಲೆ ಜಾರಿಸುತ್ತಾ ಮಂಡಿಯನ್ನು ಹತ್ತು ಹದಿನೈದು ಸಲ ಮಡಚಿ ಚಾಚಿ, ಆಮೇಲೆ ಏಳಿ.

ನೋವು ಬಂದರೆ ನಿಲ್ಲಿಸಬೇಕಾ ಅಂತ ಎಲ್ಲರೂ ಕೇಳುತ್ತಾರೆ. ಡೆನ್ಮಾರ್ಕಿನಲ್ಲಿ 2013ರಿಂದ ಮಂಡಿ, ಸೊಂಟದ ಸವೆತದವರಿಗೆ ಒಂದು ವ್ಯಾಯಾಮ ಕಾರ್ಯಕ್ರಮ ನಡೆಯುತ್ತಿದೆ, ಗ್ಲ್ಯಾಡ್ ಅಂತ. ನಾನು ಹೇಳುವ ನಿಯಮ ಅಲ್ಲಿಯದೇ. ನೋವಿಗೆ ಸೊನ್ನೆಯಿಂದ ಹತ್ತರವರೆಗೆ ನೀವೇ ಅಂಕ ಕೊಡಿ. ವ್ಯಾಯಾಮ ಮಾಡುವಾಗ ಐದರವರೆಗೆ ಬಂದರೆ ಪರವಾಗಿಲ್ಲ. ಆದರೆ ಮರುದಿನ ಅದೇ ಹೊತ್ತಿಗೆ ನೋವು ಮೊದಲಿನ ಮಟ್ಟಕ್ಕೆ ಇಳಿದಿರಬೇಕು. ಇಳಿಯದಿದ್ದರೆ ಎಣಿಕೆ ಅರ್ಧ ಮಾಡಿ. ಬಿಟ್ಟುಬಿಡಬೇಡಿ. ಮಾಡುವಾಗ ಸ್ವಲ್ಪ ನೋವಾದ ಮಾತ್ರಕ್ಕೆ ಒಳಗೆ ಏನೋ ಹರಿಯಿತು ಅಂತಲ್ಲ.

ಮೊದಲೆರಡು ವ್ಯಾಯಾಮ ದಿನಾ ಮಾಡಿ. ಕುರ್ಚಿಯದ್ದು ವಾರಕ್ಕೆ ಮೂರು ದಿನ ಸಾಕು, ನಡುವೆ ಸ್ನಾಯುವಿಗೆ ಬಿಡುವು ಬೇಕು. ಆರರಿಂದ ಎಂಟು ವಾರ ಆಗುವ ಮೊದಲು ‘ಏನೂ ಪ್ರಯೋಜನ ಆಗಲಿಲ್ಲ’ ಎಂದು ನನಗೆ ಬರೆಯಬೇಡಿ, ನಾನು ಓದುವುದಿಲ್ಲ.

ಪ್ರಶ್ನೆ: ನನಗೆ 47. ಶುಂಠಿ ಹೊಲದಲ್ಲಿ ಕಳೆ ಕೀಳುವ ಕೆಲಸ. ಕುಕ್ಕರಗಾಲಲ್ಲಿ ಕೂತು ಎದ್ದರೆ ಮಂಡಿ ಹಿಡ್ಕೊಳ್ಳುತ್ತೆ. ಊಟಕ್ಕೆ ನೆಲದ ಮೇಲೆ ಕೂತರೆ ಯಾರಾದ್ರೂ ಕೈ ಕೊಡಬೇಕು. ಶೌಚಾಲಯದಲ್ಲಿ ಅಂತೂ ಹೇಳೋದೇ ಬೇಡ. ಕೆಲಸ ಬಿಡೋಕಾಗಲ್ಲ. ಕುರ್ಚಿಯಲ್ಲಿ ಕೂತು ಮಾಡೋ ವ್ಯಾಯಾಮದ ಪುಸ್ತಕಗಳು ನನಗಲ್ಲ ಅನ್ಸುತ್ತೆ.
– ಕೃಷಿ ಕೆಲಸದವರು, ಆಲೂರು ತಾಲ್ಲೂಕು (ಮಗಳು ಬರೆದ ಪತ್ರ)

ನಿಮ್ಮ ಮಾತು ನಿಜ. ಮಂಡಿ ನೋವಿನ ಸಲಹೆಗಳನ್ನು ಬರೆಯುವವರೆಲ್ಲ ಸೋಫಾ ಇರುವ ಮನೆಯನ್ನು ನೆನೆಸಿಕೊಂಡೇ ಬರೆಯುತ್ತಾರೆ.

ಮೊದಲು ಹೊಲದ ವಿಷಯ. ಕುಕ್ಕರಗಾಲು ಪಾಪವಲ್ಲ. ನಮ್ಮ ಅಜ್ಜಿಯರು ಜೀವನಪೂರ್ತಿ ಹಾಗೇ ಕೂತವರು. ನೋವಿರುವಾಗ ಅದೇ ಭಂಗಿಯಲ್ಲಿ ಗಂಟೆಗಟ್ಟಲೆ ಇರುವುದು ಮಾತ್ರ ಕಷ್ಟ. ಒಂದು ಗೇಣು ಎತ್ತರದ ಮಣೆಯೋ ಸಣ್ಣ ಸ್ಟೂಲೋ ಹೊಲಕ್ಕೆ ಒಯ್ಯಿರಿ. ಅದರ ಮೇಲೆ ಕೂತು ಒಂದು ಕಾಲನ್ನು ಮುಂದೆ ಚಾಚಿಕೊಂಡು ಕಳೆ ತೆಗೆಯಿರಿ, ಸ್ವಲ್ಪ ಹೊತ್ತಿಗೆ ಕಾಲು ಬದಲಿಸಿ. ಅರ್ಧ ಗಂಟೆಗೊಮ್ಮೆ ಎದ್ದು ಪಾತಿಯ ತುದಿವರೆಗೆ ನಡೆದು ಬನ್ನಿ. ಮೇಸ್ತ್ರಿ ಬಯ್ದರೆ ನೀರು ಕುಡಿಯಲು ಹೋದೆ ಅನ್ನಿ. ನಿಂತೇ ಮಾಡಬಹುದಾದ ಕೆಲಸವಿದ್ದರೆ ದಿನದಲ್ಲಿ ಅದನ್ನು ನಡುವೆ ನಡುವೆ ಹಾಕಿಕೊಳ್ಳಿ.

ನೆಲದಿಂದ ಏಳುವುದಕ್ಕೊಂದು ದಾರಿ ಇದೆ. ನೇರವಾಗಿ ಏಳಲು ಹೋಗಬೇಡಿ. ಪಕ್ಕಕ್ಕೆ ತಿರುಗಿ ಎರಡೂ ಅಂಗೈ ಊರಿ. ಅಂಬೆಗಾಲಿನ ಭಂಗಿಗೆ ಬನ್ನಿ, ಮಂಡಿ ಕೆಳಗೆ ಮಡಚಿದ ಗೋಣಿಚೀಲ ಇರಲಿ. ನೋವು ಕಡಿಮೆ ಇರುವ ಕಾಲಿನ ಪಾದವನ್ನು ಮುಂದೆ ಊರಿ. ಎರಡೂ ಕೈಗಳಿಂದ ಆ ತೊಡೆ ಒತ್ತುತ್ತಾ, ಇಲ್ಲವೇ ಮಂಚದ ಅಂಚು ಹಿಡಿದು ಮೇಲೆ ಬನ್ನಿ. ಎದ್ದು ನಿಲ್ಲಿಸುವ ಕೆಲಸವನ್ನು ಬಲವಿರುವ ಕಾಲೇ ಮಾಡಬೇಕು. ಇದನ್ನು ಮನೆಯಲ್ಲಿ ದಿನಕ್ಕೆ ಎರಡು ಮೂರು ಸಲ ಮಾಡಿದರೆ ಅದೇ ಒಂದು ವ್ಯಾಯಾಮ.

ತೊಡೆಗೆ ಬಲ ತುಂಬಲು ಮೇಲೆ ತಿಪಟೂರಿನವರಿಗೆ ಹೇಳಿದ ನಾಲ್ಕನೆಯ ವ್ಯಾಯಾಮವನ್ನೇ ಹಿಡಿಯಿರಿ. ಕುರ್ಚಿ ಬೇಡ, ಮನೆ ಮುಂದಿನ ಜಗುಲಿ ಸಾಕು. ಜಗುಲಿಯಿಂದ ಏಳುವುದು ಸಲೀಸಾದ ಮೇಲೆ ಒಂದು ಮೆಟ್ಟಿಲು ತಗ್ಗು, ಆಮೇಲೆ ಇನ್ನೂ ತಗ್ಗು. ಕೊನೆಗೆ ಮಣೆ. ಹೀಗೆ ಎತ್ತರ ಇಳಿಸುತ್ತಾ ಹೋದರೆ ಕುಕ್ಕರಗಾಲಿಗೆ ವಾಪಸ್ ಬರಲು ಅನೇಕರಿಗೆ ಆಗುತ್ತದೆ. ತಿಂಗಳುಗಳ ಕೆಲಸ ಇದು, ಅವಸರ ಬೇಡ.

ಶೌಚಾಲಯಕ್ಕೆ: ನಡುವೆ ತೂತಿರುವ ಸ್ಟೀಲಿನ ಅಥವಾ ಪ್ಲಾಸ್ಟಿಕ್ಕಿನ ಸ್ಟೂಲು ಸಿಗುತ್ತದೆ. ಈಗಿರುವುದನ್ನು ಒಡೆಯದೆ ಅದರ ಮೇಲೇ ಇಡಬಹುದು. ಅದರ ಜೊತೆಗೆ ಗೋಡೆಗೆ ಒಂದು ಹಿಡಿ ಹಾಕಿಸಿ. ಮಗಳು ಪತ್ರ ಬರೆದಿದ್ದಾಳಲ್ಲ, ಅಮ್ಮನಿಗೆ ಇಷ್ಟನ್ನು ಅವಳೇ ಮಾಡಿಸಿಕೊಡಲಿ.

ಪ್ರಶ್ನೆ: ವಯಸ್ಸು 34, ಐಟಿ ಕೆಲಸ. 10 ಕಿಲೋಮೀಟರ್ ಓಟಕ್ಕೆಂದು ತಯಾರಿ ಶುರು ಮಾಡಿದೆ. ಮೂರನೇ ವಾರದಿಂದ ಚಿಪ್ಪಿನ ಸುತ್ತ ನೋವು. ಮೀಟಿಂಗಿನಲ್ಲಿ ತುಂಬಾ ಹೊತ್ತು ಕೂತು ಎದ್ದಾಗ, ಮೆಟ್ರೋ ಮೆಟ್ಟಿಲು ಇಳಿಯುವಾಗ ಜಾಸ್ತಿ. ಈ ವಯಸ್ಸಿಗೇ ಮಂಡಿ ಸವೆಯಿತಾ?
– ಬೆಂಗಳೂರು

ಇಲ್ಲ. ಚಿಪ್ಪಿನ ಹಿಂದಿನಿಂದ ಬರುವ ಈ ನೋವು ನಿಮ್ಮ ವಯಸ್ಸಿನಲ್ಲಿ ತುಂಬಾ ಸಾಮಾನ್ಯ. ಕೀಲು ಸವೆದದ್ದಕ್ಕಲ್ಲ, ತಡೆಯುವಷ್ಟಕ್ಕಿಂತ ಹೆಚ್ಚು ಕೆಲಸವನ್ನು ಬೇಗ ಕೊಟ್ಟದ್ದಕ್ಕೆ ಬರುತ್ತದೆ. ವರ್ಷಗಟ್ಟಲೆ ಕುರ್ಚಿಯಲ್ಲಿದ್ದ ಕಾಲಿಗೆ ಮೂರು ವಾರದಲ್ಲಿ ಎಷ್ಟು ಓಡಿಸಿದಿರಿ ಅಂತ ನೀವು ಬರೆದಿಲ್ಲ. ನಾನು ಊಹಿಸಬಲ್ಲೆ.

ಓಟ ಪೂರ್ತಿ ಬಿಡುವುದು ಬೇಡ. ಮರುದಿನಕ್ಕೆ ನೋವು ಉಳಿಯದಷ್ಟು ದೂರಕ್ಕೆ ಇಳಿಸಿ, ನಡುವೆ ನಡಿಗೆ ಸೇರಿಸಿ. ತೊಡೆಯ ಜೊತೆ ಸೊಂಟದ ಸ್ನಾಯುಗಳಿಗೂ ಕೆಲಸ ಕೊಡಿ, ಈ ನೋವಿಗೆ ಎರಡೂ ಸೇರಿದರೇ ಹೆಚ್ಚು ಗುಣ. ಮಗ್ಗುಲಾಗಿ ಮಲಗಿ ಮೇಲಿನ ಕಾಲೆತ್ತುವುದು, ಅಂಗಾತ ಮಲಗಿ ಮಂಡಿ ಮಡಚಿ ಸೊಂಟ ಎತ್ತುವುದು, ಗೋಡೆಗೆ ಬೆನ್ನು ಜಾರಿಸಿ ನಾಲ್ಕನೇ ಒಂದು ಭಾಗದಷ್ಟು ಮಾತ್ರ ಕೂರುವುದು. ಮಂಡಿ ಕಾಲ್ಬೆರಳಿನ ದಿಕ್ಕಿಗೇ ಇರಲಿ, ಒಳಗೆ ಬೀಳಬಾರದು. ಇನ್ನೊಂದು ಮಾತು, ಓಡಿದರೆ ಮಂಡಿ ಸವೆಯುತ್ತದೆ ಎನ್ನುವ ಹೆದರಿಕೆ ಬಿಡಿ. ಹವ್ಯಾಸಕ್ಕೆ ಓಡುವವರಲ್ಲಿ, ಓಡದವರಿಗಿಂತ ಮಂಡಿ ಸವೆತ ಹೆಚ್ಚೇನೂ ಕಂಡಿಲ್ಲ.

ಪ್ರಶ್ನೆ: ಅತ್ತೆಗೆ 68, ಬಿಪಿ ಇದೆ. ಮಂಡಿ ನೋವಿಗೆ ಮೆಡಿಕಲ್ ಶಾಪಿನಲ್ಲಿ ತಾವೇ ಗುಳಿಗೆ ತರಿಸಿಕೊಂಡು ದಿನಾ ನುಂಗುತ್ತಾರೆ. ಜೊತೆಗೆ ಒಂದು ಹಳ್ಳಿಯಿಂದ ತಂದ ಪುಡಿ. ಮಂಡಿ ಬೆಲ್ಟು ರಾತ್ರಿ ಕೂಡ ತೆಗೆಯುವುದಿಲ್ಲ. ಪೇಪರಿನಲ್ಲಿ ಬರುವ ಗ್ಲೂಕೋಸಮೈನ್ ಗುಳಿಗೆ ಕೊಡಿಸು ಅಂತ ಮೈದುನನಿಗೆ ಹೇಳಿದ್ದಾರೆ. ವ್ಯಾಯಾಮ ಅಂದರೆ ‘ನಂಗ್ಯಾಕ ಬೇಕವಾ ಈ ವಯಸ್ಸಿನ್ಯಾಗ’ ಅಂತಾರೆ.
– ಧಾರವಾಡ

ಗುಳಿಗೆಯಿಂದ ಶುರು ಮಾಡುತ್ತೇನೆ, ಏಕೆಂದರೆ ಅಲ್ಲಿ ಅಪಾಯವಿದೆ. ಡೈಕ್ಲೋಫೆನಾಕ್, ಅಸಿಕ್ಲೋಫೆನಾಕ್‌ನಂಥ ನೋವಿನ ಗುಳಿಗೆಗಳು ಬಿಪಿ ಏರಿಸಬಹುದು, ಹೊಟ್ಟೆಯಲ್ಲಿ ಹುಣ್ಣು ಮಾಡಿ ರಕ್ತ ಸೋರಿಸಬಹುದು, ಕಿಡ್ನಿಗೆ ಪೆಟ್ಟು ಕೊಡಬಹುದು. ಬಿಪಿಯ ಕೆಲವು ಗುಳಿಗೆಗಳ ಜೊತೆ ಸೇರಿದರೆ ಕಿಡ್ನಿಯ ಅಪಾಯ ಇನ್ನೂ ಹೆಚ್ಚು. ಗುಳಿಗೆಯ ಖಾಲಿ ಪಟ್ಟಿಯನ್ನು ಬಿಪಿ ನೋಡುವ ಡಾಕ್ಟರಿಗೆ ಇದೇ ವಾರ ತೋರಿಸಿ. ಮಂಡಿಗಾದರೆ ಅದೇ ಡೈಕ್ಲೋಫೆನಾಕ್ ಮುಲಾಮಾಗಿ ಸಿಗುತ್ತದೆ. ಹಚ್ಚುವುದರಿಂದ ರಕ್ತಕ್ಕೆ ಹೋಗುವುದು ಬಹಳ ಕಡಿಮೆ. ಅದನ್ನು ಹಚ್ಚಬಹುದೇ ಅಂತಲೂ ಅವರನ್ನೇ ಕೇಳಿ.

ಪುಡಿ ಇವತ್ತೇ ನಿಲ್ಲಿಸಿ ಅಂತ ಹೇಳಲು ಬಾಯಿಗೆ ಬಂದರೂ ಹೇಳುವುದಿಲ್ಲ, ಕಾರಣ ಇದೆ. ಹೆಸರಿಲ್ಲದ ಇಂಥ ಕೆಲವು ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆಸಿರುವುದು ಪತ್ತೆಯಾಗಿದೆ. ತಿಂಗಳುಗಟ್ಟಲೆ ತಿಂದ ಸ್ಟೀರಾಯ್ಡನ್ನು ಒಮ್ಮೆಗೇ ಬಿಟ್ಟರೂ ತೊಂದರೆ. ಪುಡಿಯ ಪೊಟ್ಟಣವನ್ನೂ ಡಾಕ್ಟರ ಬಳಿ ಒಯ್ಯಿರಿ, ಎಷ್ಟು ದಿನದಿಂದ ಅಂತ ಮುಚ್ಚಿಡದೆ ಹೇಳಿ.

ಕಾರ್ಟಿಲೇಜ್ ಬೆಳೆಸುತ್ತದೆ ಅಂತ ಮಾರುವ ಗ್ಲೂಕೋಸಮೈನ್‌ಗೆ ಹಾಕುವ ದುಡ್ಡು ಉಳಿಸಿ. ಬ್ರಿಟನ್ನಿನ ಆರೋಗ್ಯ ಸಂಸ್ಥೆ ನೈಸ್ 2022ರಲ್ಲಿ ಹೊರಡಿಸಿದ ಮಾರ್ಗಸೂಚಿ ಅದನ್ನು ಕೊಡಬೇಡಿ ಅಂತಲೇ ಹೇಳಿದೆ. ಅದೇ ಮಾರ್ಗಸೂಚಿಯಲ್ಲಿ ಮಂಡಿ ಸವೆತದ ಪ್ರತಿಯೊಬ್ಬರಿಗೂ ವ್ಯಾಯಾಮ ಹೇಳಿಕೊಡಬೇಕು, ಶುರುವಿನಲ್ಲಿ ನೋವು ಸ್ವಲ್ಪ ಹೆಚ್ಚಬಹುದು ಅಂತಲೂ ಇದೆ. ಬೆಲ್ಟು ನಡೆಯುವಾಗ ಬೆಚ್ಚಗೆ, ಧೈರ್ಯ ಕೊಡುತ್ತದೆ ಅಂದರೆ ಸಂತೆಗೆ ಹೋಗುವಾಗ ಹಾಕಿಕೊಳ್ಳಲಿ. ಮಲಗುವಾಗ ಖಂಡಿತ ಬೇಡ. ಎಳ್ಳೆಣ್ಣೆ ಹಚ್ಚುವುದು, ಲಕ್ಕಿ ಸೊಪ್ಪಿನ ಶಾಖ, ಬಿಸಿನೀರಿನ ಚೀಲ ಇವೆಲ್ಲ ಆಗಬಹುದು. ಎಣ್ಣೆ ಚರ್ಮ ದಾಟಿ ಕೀಲಿಗೆ ಹೋಗುವುದಿಲ್ಲ. ಆದರೆ ಶಾಖ ಕೊಟ್ಟು ಬಿಗಿ ಸಡಿಲಿಸಿದ ಮೇಲೆ ವ್ಯಾಯಾಮ ಮಾಡಿಸಿದರೆ ಸುಲಭ. ಸಕ್ಕರೆ ಕಾಯಿಲೆಯೂ ಇದ್ದು ಕಾಲು ಜೋಮು ಅಂದರೆ ಶಾಖ ನೀವೇ ಕೈಯಿಂದ ಮುಟ್ಟಿ ನೋಡಿ ಕೊಡಿ, ಸುಟ್ಟರೂ ಅವರಿಗೆ ಗೊತ್ತಾಗುವುದಿಲ್ಲ.

‘ವ್ಯಾಯಾಮ’ ಅನ್ನಬೇಡಿ, ಅತ್ತೆಗೆ ಆ ಹೆಸರೇ ಹಿಡಿಸುವುದಿಲ್ಲ. ಟಿವಿ ಮುಂದೆ ಕೂತಾಗ ‘ಅವ್ವಾ, ಕಾಲ್ ಚಾಚ್ರಿ, ಹತ್ತ ಎಣಸ್ತೀನಿ’ ಅಂತ ಶುರು ಮಾಡಿ. ನನ್ನಲ್ಲಿಗೆ ಬರುವ ಅತ್ತೆಯರು ಪೂರ್ತಿ ಮಾಡಿ ಮುಗಿಸುವುದು ಸೊಸೆಯೂ ಪಕ್ಕದಲ್ಲಿ ಕೂತು ಮಾಡಿದರೆ ಮಾತ್ರ.

ಪ್ರಶ್ನೆ: ಮಂಡಿ ಮಡಚಿದರೆ ಕಟಕಟ ಶಬ್ದ ಬರುತ್ತದೆ, ನೋವಿಲ್ಲ. ಯೋಗ ಟೀಚರ್ ವಜ್ರಾಸನ ಮಾಡಿಸುತ್ತಾರೆ. ಮಾಡಬಹುದಾ?
– ಶಿವಮೊಗ್ಗ

ನೋವಿಲ್ಲ, ಊತವಿಲ್ಲ ಅಂದರೆ ಶಬ್ದಕ್ಕೆ ಬೆಲೆ ಕೊಡಬೇಡಿ. ವಜ್ರಾಸನ ಮಾಡಿ. ನೋವು ಇರುವವರು ಮಾತ್ರ ಅದನ್ನು ಸದ್ಯಕ್ಕೆ ಬಿಡಿ, ಅಥವಾ ಮೀನಖಂಡ ಮತ್ತು ತೊಡೆಯ ನಡುವೆ ದಪ್ಪ ದಿಂಬು ಇಟ್ಟುಕೊಂಡು ಕೂರಿ. ಅದು ಮಂಡಿ ನೋವಿನ ಔಷಧವಲ್ಲ.

ಪ್ರಶ್ನೆ: ಅಪ್ಪನ ಎಡ ಮಂಡಿ ಮೂರು ದಿನದಿಂದ ಊದಿಕೊಂಡು ಕೆಂಪಾಗಿದೆ. ಮುಟ್ಟಿದರೆ ಬಿಸಿ. ಜ್ವರವೂ ಇದೆ. ಯಾವ ವ್ಯಾಯಾಮ ಮಾಡಿಸಲಿ?
– ಅರಕಲಗೂಡು

ಈ ಪತ್ರಕ್ಕೆ ಸಂಚಿಕೆ ಬರುವವರೆಗೆ ಕಾಯದೆ ಫೋನಿನಲ್ಲೇ ಉತ್ತರ ಹೇಳಿದೆ: ಯಾವ ವ್ಯಾಯಾಮವೂ ಬೇಡ, ಇವತ್ತೇ ಆಸ್ಪತ್ರೆಗೆ. ಕೀಲಿನೊಳಗೆ ಸೋಂಕಾಗಿದ್ದರೆ ದಿನಗಳಲ್ಲೇ ಕೀಲು ಹಾಳಾಗುತ್ತದೆ. ಉಳಿದವರಿಗಾಗಿ ಇಲ್ಲಿ ಬರೆದೆ. ಬಿದ್ದ ಮೇಲೆ ಕಾಲೂರಲು ಆಗದಿದ್ದರೆ, ಮಂಡಿ ಮಡಚಿದಲ್ಲೇ ಸಿಕ್ಕಿಕೊಂಡರೆ, ಒಂದೇ ಕಾಲಿನ ಮೀನಖಂಡ ಊದಿ ನೋಯುತ್ತಿದ್ದರೆ, ರಾತ್ರಿ ನಿದ್ದೆಗೆಡಿಸುವ ನೋವಿನ ಜೊತೆ ತೂಕ ಇಳಿಯುತ್ತಿದ್ದರೆ ಈ ಅಂಕಣವನ್ನು ಪಕ್ಕಕ್ಕಿಟ್ಟು ಡಾಕ್ಟರ ಬಳಿ ಹೋಗಿ.

ಪ್ರಶ್ನೆ: ಚಿಕೂನ್‌ಗುನ್ಯಾ ಬಂದು ಹೋಗಿ ಐದು ತಿಂಗಳಾಯಿತು. ಮಂಡಿ, ಕಣಕಾಲು, ಬೆರಳ ಗಿಣ್ಣು ಇನ್ನೂ ನೋವು. ಬೆಳಿಗ್ಗೆ ಒಂದು ಗಂಟೆ ಮೈ ಬಿಡುವುದೇ ಇಲ್ಲ. ಇದಕ್ಕೂ ಇದೇ ವ್ಯಾಯಾಮವಾ?
– ಕೋಲಾರ

2006ರಲ್ಲಿ ಚಿಕೂನ್‌ಗುನ್ಯಾ ರಾಜ್ಯದ ತುಂಬ ಹಬ್ಬಿದಾಗ ನಿಮ್ಮ ಜಿಲ್ಲೆಯ ಜನ ಇದನ್ನು ಚೆನ್ನಾಗಿ ಅನುಭವಿಸಿದ್ದಾರೆ. ಜ್ವರ ವಾರದಲ್ಲಿ ಹೋದರೂ ಕೀಲುನೋವು ತಿಂಗಳುಗಳು ಕಾಡಬಹುದು, ಕೆಲವರಿಗೆ ವರ್ಷ ಮೀರುತ್ತದೆ. ಆದರೆ ನೀವು ಬರೆದ ಒಂದು ಗಂಟೆಯ ಬಿಗಿತ ನನಗೆ ಮುಖ್ಯ ಅನಿಸಿತು. ಮಂಡಿ ಸವೆತದ ಬಿಗಿತ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಬಿಡುತ್ತದೆ. ಅದಕ್ಕಿಂತ ಹೆಚ್ಚಾದರೆ ಕೀಲಿನಲ್ಲಿ ಉರಿಯೂತ ಇದೆ ಅಂತ ಅನುಮಾನ. ಸಂಧಿವಾತದ ಪರೀಕ್ಷೆ ಮಾಡಿಸಿ, ಸಾಧ್ಯವಾದರೆ ಸಂಧಿವಾತ ತಜ್ಞರನ್ನೇ ನೋಡಿ. ಅಲ್ಲಿಯವರೆಗೆ ಕೀಲುಗಳನ್ನು ಮೆಲ್ಲಗೆ ಮಡಚಿ ಬಿಡಿಸುವುದು, ಟವೆಲ್ ಒತ್ತುವುದು ಸಾಕು. ಊತ ಇಳಿಯುವವರೆಗೆ ತೂಕ ಕಟ್ಟಿ ಎತ್ತುವುದು ಬೇಡ.

ಪ್ರಶ್ನೆ: ನಾನಿರುವುದು ಡಲ್ಲಾಸ್‌ನಲ್ಲಿ, ಅಪ್ಪ ಅಮ್ಮ ಮೈಸೂರಿನಲ್ಲಿ. ಅಪ್ಪನಿಗೆ 72, ತೂಕ 84 ಕೆಜಿ. ಒಬ್ಬರು ಮಂಡಿ ಬದಲಿಸಿ ಅಂದರು, ಇನ್ನೊಬ್ಬರು ದುರ್ಬೀನು ಹಾಕಿ ಒಳಗೆಲ್ಲ ಕ್ಲೀನ್ ಮಾಡಿದರೆ ಸಾಕು ಅಂದರು. ವ್ಯಾಯಾಮದಲ್ಲೇ ಮುಗಿಸಬಹುದಾ? ದೂರದಿಂದ ನಾನೇನು ಮಾಡಲಿ?

ಕ್ಲೀನ್ ಮಾಡಿಸುವುದನ್ನು ಮರೆತುಬಿಡಿ. ನಿಮ್ಮ ಪಕ್ಕದ ಹ್ಯೂಸ್ಟನ್ನಿನಲ್ಲೇ ಮಂಡಿ ಸವೆತದ 180 ಜನರ ಮೇಲೆ ಇದನ್ನು ಪರೀಕ್ಷಿಸಿ 2002ರಲ್ಲಿ ಫಲಿತಾಂಶ ಪ್ರಕಟಿಸಿದರು. ಕೆಲವರಿಗೆ ನಿಜವಾಗಿ ಒಳಗೆ ತೊಳೆದು ಕೆರೆದರು, ಕೆಲವರಿಗೆ ಚರ್ಮ ಮಾತ್ರ ಕೊಯ್ದು ಹೊಲಿಗೆ ಹಾಕಿ ಕಳಿಸಿದರು. ಯಾರಿಗೆ ಯಾವುದು ಅಂತ ರೋಗಿಗಳಿಗೆ ಗೊತ್ತಿರಲಿಲ್ಲ. ಎರಡು ವರ್ಷ ನೋಡಿದರೂ ನಿಜವಾದ ಆಪರೇಷನ್ನಿನವರು ಸುಳ್ಳು ಆಪರೇಷನ್ನಿನವರಿಗಿಂತ ಚೆನ್ನಾಗಿರಲಿಲ್ಲ.

ಮಂಡಿ ಬದಲಿಸುವುದು ಬೇರೆ ವಿಷಯ. ಅದು ಒಳ್ಳೆಯ ಆಪರೇಷನ್, ಬೇಕಾದವರಿಗೆ. ಅಪ್ಪ ಮನಸ್ಸಿಟ್ಟು ಮೂರು ತಿಂಗಳು ವ್ಯಾಯಾಮ ಮಾಡಿ, ಸ್ವಲ್ಪ ತೂಕ ಇಳಿಸಿ, ಆಮೇಲೂ ಮನೆಯೊಳಗಿನ ಓಡಾಟ, ನಿದ್ದೆ ಕೆಡುತ್ತಿದ್ದರೆ ಮಾಡಿಸಲಿ. ಎಕ್ಸ್‌ರೇ ಒಂದನ್ನೇ ನೋಡಿ ದಿನ ಗೊತ್ತು ಮಾಡಬೇಡಿ. ತೂಕದ್ದೊಂದು ಲೆಕ್ಕ ಅವರಿಗೆ ಹೇಳಿ: ಒಂದು ಕೆಜಿ ಇಳಿದರೆ ಇಡುವ ಪ್ರತಿ ಹೆಜ್ಜೆಯಲ್ಲೂ ಮಂಡಿಯ ಭಾರ ಸುಮಾರು ನಾಲ್ಕು ಕೆಜಿ ಕಡಿಮೆಯಾಗುತ್ತದೆ. ಐದು ಕೆಜಿ ಇಳಿಸಿದರೆ ಎಷ್ಟು ಅಂತ ಅವರೇ ಗುಣಿಸಿಕೊಳ್ಳಲಿ. ನೋವಿರುವ ಮಂಡಿಯ ಎದುರು ಕೈಯಲ್ಲಿ ಕೋಲು ಹಿಡಿಯಲಿ. ಬಲ ಮಂಡಿ ನೋವಾದರೆ ಎಡಗೈ. ಹೆಚ್ಚಿನವರು ನೋವಿನ ಕಡೆಗೇ ಹಿಡಿಯುತ್ತಾರೆ, ಅದರಿಂದ ಪ್ರಯೋಜನ ಕಡಿಮೆ. ಮೆಟ್ಟಿಲು ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು.

ಆಪರೇಷನ್ ಆಗುವುದೇ ಆದರೂ ಈ ವ್ಯಾಯಾಮ ವ್ಯರ್ಥವಲ್ಲ. ಗಟ್ಟಿ ತೊಡೆಯೊಂದಿಗೆ ಟೇಬಲ್ ಹತ್ತಿದವರು ಬೇಗ ಎದ್ದು ನಡೆಯುತ್ತಾರೆ. ಖರ್ಚಿನ ಬಗ್ಗೆ ಒಂದು ಮಾತು. 2017ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಮಂಡಿಯ ಇಂಪ್ಲಾಂಟ್, ಅಂದರೆ ಒಳಗೆ ಕೂರಿಸುವ ಕೃತಕ ಕೀಲಿನ ಬೆಲೆಗೆ ಮಿತಿ ಹಾಕಿತು. ಹೆಚ್ಚು ಬಳಕೆಯ ಕೋಬಾಲ್ಟ್ ಕ್ರೋಮಿಯಂ ಇಂಪ್ಲಾಂಟಿಗೆ ಆಗ 54,720 ರೂಪಾಯಿ ಗೊತ್ತು ಮಾಡಿದ್ದರು, ತೆರಿಗೆ ಬೇರೆ. ರೂಮು, ಸರ್ಜನ್, ಔಷಧದ ಬಿಲ್ಲಿಗೆ ಈ ಮಿತಿ ಇಲ್ಲ. ಹಾಗಾಗಿ ಬಿಲ್ಲಿನಲ್ಲಿ ಇಂಪ್ಲಾಂಟನ್ನು ಬೇರೆ ಸಾಲಿನಲ್ಲಿ ತೋರಿಸಿ ಅಂತ ಮೊದಲೇ ಕೇಳಿ.

ದೂರದಿಂದ ನೀವು ಮಾಡಬಹುದಾದದ್ದು ಇದೆ. ನಿಮ್ಮ ಸಂಜೆ ಅವರ ಬೆಳಿಗ್ಗೆ. ವಾರಕ್ಕೆ ಮೂರು ದಿನ ವಿಡಿಯೋ ಕಾಲ್ ಮಾಡಿ, ‘ಹೇಗಿದೆ ಅಪ್ಪ’ ಅಂತ ಕೇಳುವ ಬದಲು ಕುರ್ಚಿಯಿಂದ ಏಳಿಸಿ ಎಣಿಸಿ. ಫೋನನ್ನು ಅವರ ಮುಖದ ಮುಂದೆ ಇಡಿಸಬೇಡಿ. ಅಮ್ಮನಿಗೆ ಹೇಳಿ ಪಕ್ಕದ ಸ್ಟೂಲಿನ ಮೇಲೆ, ಮಂಡಿಯ ಎತ್ತರಕ್ಕೆ ಇಡಿಸಿ. ಆಗ ಅವರು ಕೈ ಊರಿ ಮೋಸ ಮಾಡಿದರೆ ನಿಮಗೆ ಕಾಣುತ್ತದೆ.